ಮೊದಲ ನರದ ಮೂಗರ್ಜಿ

ದೊಡ್ಡಾಸ್ಪತ್ರೆಗಳ ವಾರ್ಡಿನಲ್ಲಿ ಕೇಸ್ ಶೀಟ್ ತಿರುವಿ ನೋಡಿದರೆ ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಎರಡರಿಂದ ಹನ್ನೆರಡನೆಯವರೆಗಿನ ಕಪಾಲ ನರಗಳು ಸರಿಯಾಗಿವೆ. ಮಿದುಳಿನಿಂದ ನೇರವಾಗಿ ಹೊರಡುವ ಈ ನರಗಳು ಹನ್ನೆರಡು ಜೊತೆ. ಹನ್ನೊಂದಕ್ಕೆ ಲೆಕ್ಕ ಸಿಕ್ಕಿತು. ಒಂದನೆಯದು ಏನಾಯಿತು ಎಂದು ರೌಂಡ್ಸಿಗೆ ಬಂದ ಹಿರಿಯ ವೈದ್ಯರು ಕೇಳುವುದು ಅಪರೂಪ. ಕೇಳಿದರೂ ಹೌಸ್ ಸರ್ಜನ್ ತಲೆ ಕೆರೆದುಕೊಳ್ಳುತ್ತಾನೆ, ಸವಾರಿ ಮುಂದಿನ ಹಾಸಿಗೆಗೆ ಸಾಗುತ್ತದೆ.

ಹೀಗೆ ಬಿಟ್ಟುಹೋಗುವುದು ವಾಸನೆಯ ನರ. ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಕೆನ್ನೆಗೆ ಹತ್ತಿಯ ಎಳೆ ಸವರುತ್ತಾರೆ, ಕಿವಿಯ ಬಳಿ ಟ್ಯೂನಿಂಗ್ ಫೋರ್ಕ್ ಹಿಡಿಯುತ್ತಾರೆ, ನಾಲಿಗೆ ಚಾಚಲು ಹೇಳುತ್ತಾರೆ. ಮೂಗಿನ ಹತ್ತಿರ ಬಂದಾಗ ಮಾತ್ರ ಕೈಯಲ್ಲಿ ಏನೂ ಇರುವುದಿಲ್ಲ. ಬೇಕಾಗಿದ್ದುದು ಒಂದು ಚಮಚ ಕಾಫಿಪುಡಿ. ಅದೂ ಕಾಫಿ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಿಗನಾದ ಕರ್ನಾಟಕದಲ್ಲಿ!

ಪರೀಕ್ಷೆ ಕಷ್ಟದ್ದೂ ಅಲ್ಲ. ರೋಗಿ ಕಣ್ಣು ಮುಚ್ಚಿ, ಒಂದು ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ತೆರೆದ ಹೊಳ್ಳೆಯ ಕೆಳಗೆ ಡಬ್ಬಿ ಹಿಡಿದು ಎರಡು ಸಲ ಮೂಸಲು ಹೇಳಬೇಕು. ಇಂಥದೇ ವಾಸನೆ ಎಂದು ಹೆಸರು ಹೇಳಲೇಬೇಕೆಂದಿಲ್ಲ, ‘ಏನೋ ಬರ್ತಿದೆ’ ಎಂದರೂ ನರ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಆಮೇಲೆ ಇನ್ನೊಂದು ಹೊಳ್ಳೆ. ಕೊನೆಯಲ್ಲಿ ಖಾಲಿ ಡಬ್ಬಿಯನ್ನೂ ಒಮ್ಮೆ ಹಿಡಿದರೆ, ಡಾಕ್ಟರ ಮುಲಾಜಿಗೆ ಹೂಂಗುಟ್ಟುವವರು ಸಿಕ್ಕಿಬೀಳುತ್ತಾರೆ. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಈ ಎರಡು ನಿಮಿಷವನ್ನು ಉಳಿಸಿಕೊಂಡು ವೈದ್ಯಲೋಕ ಏನನ್ನು ಕಳೆದುಕೊಳ್ಳುತ್ತಿದೆ ಎಂಬುದನ್ನು ತಿಳಿಯಬೇಕಾದರೆ ಈ ನರದ ದಾರಿಯನ್ನು ಸ್ವಲ್ಪ ನೋಡಬೇಕು.

ಪ್ರಾಚೀನ ವೈದ್ಯ ಗ್ಯಾಲೆನ್ ಕಪಾಲ ನರಗಳನ್ನು ಏಳು ಜೊತೆ ಎಂದು ಎಣಿಸಿದ್ದ. ವಾಸನೆಯದು ಆ ಪಟ್ಟಿಯಲ್ಲೇ ಇರಲಿಲ್ಲ. 1778ರಲ್ಲಿ ಜರ್ಮನಿಯ ಸ್ಯಾಮ್ಯುಯೆಲ್ ಥಾಮಸ್ ಸೋಮರಿಂಗ್ ಹನ್ನೆರಡು ಜೊತೆಗಳ ಎಣಿಕೆಯನ್ನು ಖಚಿತಗೊಳಿಸಿದ. ಇಂದಿಗೂ ನಡೆಯುತ್ತಿರುವುದು ಆ ಲೆಕ್ಕವೇ. ಅದರಲ್ಲಿ ವಾಸನೆಗೆ ಒಂದನೆಯ ಸ್ಥಾನ. ಎರಡನೆಯದು ದೃಷ್ಟಿಯದು. ಐದನೆಯದು ಮುಖದ ಸ್ಪರ್ಶ, ನೋವು, ಉರಿಗಳದ್ದು. ಎಂಟನೆಯದು ಶ್ರವಣ ಮತ್ತು ಸಮತೋಲನದ್ದು. ರುಚಿಯನ್ನು ಮೂವರು ಹಂಚಿಕೊಂಡಿದ್ದಾರೆ: ನಾಲಿಗೆಯ ಮುಂದಿನ ಮೂರನೇ ಎರಡು ಭಾಗ ಏಳನೆಯದಕ್ಕೆ, ಹಿಂಭಾಗ ಒಂಬತ್ತನೆಯದಕ್ಕೆ, ಗಂಟಲಿನ ಒಂದಿಷ್ಟು ಹತ್ತನೆಯದಕ್ಕೆ. ಏಳನೆಯದರ ರುಚಿಯ ಕವಲು ನಡುಗಿವಿಯ ಮೂಲಕ ಹಾದುಹೋಗುವುದರಿಂದ, ಕಿವಿಯ ಆಪರೇಷನ್ ಆದ ಕೆಲವರಿಗೆ ಬಾಯಲ್ಲಿ ಲೋಹ ಕಚ್ಚಿದಂಥ ರುಚಿ ಉಳಿಯುವುದುಂಟು. ಕಿವಿಗೂ ನಾಲಿಗೆಗೂ ಎಲ್ಲಿಯ ಸಂಬಂಧ ಎಂದು ಕೇಳುವ ರೋಗಿಗೆ ಉತ್ತರ ಅಲ್ಲಿದೆ.

ಇವೆಲ್ಲವೂ ಮಿದುಳಿನ ಒಳಗೆ ಥಲಾಮಸ್ ಎಂಬ ಕೇಂದ್ರವನ್ನು ಮುಟ್ಟಿಯೇ ಮೇಲಿನ ಪದರಕ್ಕೆ ಹೋಗುತ್ತವೆ. ವಾಸನೆಗೆ ಆ ಕಟ್ಟುಪಾಡಿಲ್ಲ. ಮೂಗಿನ ಛಾವಣಿಯಲ್ಲಿ ಕೆಲವೇ ಚದರ ಸೆಂಟಿಮೀಟರ್ ಜಾಗದಲ್ಲಿ ಲಕ್ಷಗಟ್ಟಲೆ ನರಕೋಶಗಳು ಗಾಳಿಗೆ ಮುಖವೊಡ್ಡಿ ನಿಂತಿವೆ. ಹೊರಜಗತ್ತನ್ನು ಹೀಗೆ ಸರಿಸುಮಾರು ಬರಿಮೈಯಲ್ಲಿ ಮುಟ್ಟುವ ನರಕೋಶ ದೇಹದಲ್ಲಿ ಇನ್ನೊಂದಿಲ್ಲ. ಅವುಗಳ ಎಳೆಗಳು ಜರಡಿಯಂತೆ ತೂತು ತೂತಾದ ಮೂಳೆಯೊಂದನ್ನು ದಾಟಿ, ಅದರ ಮೇಲೆಯೇ ಕೂತಿರುವ ಓಲ್ಫ್ಯಾಕ್ಟರಿ ಬಲ್ಬ್ ಎಂಬ ಪುಟ್ಟ ಭಾಗವನ್ನು ಸೇರುತ್ತವೆ. ಅಲ್ಲಿಂದ ಸುದ್ದಿ ಭಯ, ಪ್ರೀತಿ, ನೆನಪುಗಳನ್ನು ನೋಡಿಕೊಳ್ಳುವ ಅಮಿಗ್ಡಲ ಮತ್ತು ಅದರ ಸುತ್ತಲಿನ ಭಾಗಗಳಿಗೆ ನೇರ ತಲುಪುತ್ತದೆ. ಈ ಕೋಶಗಳ ಮೇಲಿನ ಗ್ರಾಹಕಗಳು ದೊಡ್ಡದೊಂದು ವಂಶವಾಹಿ ಕುಟುಂಬಕ್ಕೆ ಸೇರಿದವು ಎಂದು 1991ರಲ್ಲಿ ತೋರಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಮನುಷ್ಯನಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ. ಬಣ್ಣ ನೋಡಲು ಕಣ್ಣಿಗಿರುವುದು ಮೂರೇ ಬಗೆ.

ಇಷ್ಟಿದ್ದೂ ಮೂಗಿಗೆ ಮರ್ಯಾದೆ ಯಾಕೆ ಕಡಿಮೆಯಾಯಿತು? ಒಂದು ಪಾಲು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿಗೆ ಸೇರಬೇಕು. ಮಾತಿನ ಕೇಂದ್ರವನ್ನು ಗುರುತಿಸಿ ಹೆಸರಾದ ಪಾಲ್ ಬ್ರೋಕ, ಮನುಷ್ಯನ ಮಿದುಳಿನಲ್ಲಿ ವಾಸನೆಯ ಭಾಗ ತೀರಾ ಸಣ್ಣದು, ಮೂಸುವುದನ್ನು ಬಿಟ್ಟು ಆಲೋಚಿಸುವುದನ್ನು ಕಲಿತ ಪ್ರಾಣಿಯೇ ಮನುಷ್ಯ ಎಂಬ ಅರ್ಥದಲ್ಲಿ ವಾದಿಸಿದ. ಪಠ್ಯಪುಸ್ತಕಗಳು ಆ ಮಾತನ್ನು ನೂರು ವರ್ಷ ಹೊತ್ತು ತಿರುಗಿದವು. ಅಮೆರಿಕದ ಜಾನ್ ಮೆಕ್‌ಗ್ಯಾನ್ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಹತ್ತೊಂಬತ್ತನೆಯ ಶತಮಾನದ ಕಟ್ಟುಕತೆ ಎಂದೇ ಕರೆದರು. ಅದಕ್ಕೂ ಹತ್ತು ವರ್ಷ ಮೊದಲು ಬರ್ಕ್ಲಿಯ ಸಂಶೋಧಕರು ವಿದ್ಯಾರ್ಥಿಗಳ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿ ಮುಚ್ಚಿ, ಹುಲ್ಲಿನ ಮೇಲೆ ಚಾಕೊಲೆಟ್ ವಾಸನೆಯ ದಾರ ಹಾಸಿ, ಮಂಡಿಯೂರಿ ಮೂಸಿಕೊಂಡು ಹೋಗಲು ಬಿಟ್ಟಿದ್ದರು. ಮೂವರಲ್ಲಿ ಇಬ್ಬರು ಜಾಡು ಹಿಡಿದರು. ಅಭ್ಯಾಸ ಮಾಡಿಸಿದ ಮೇಲೆ ವೇಗವೂ ಹೆಚ್ಚಿತು. ನಾಯಿಯನ್ನು ಮೀರಿಸಿದರು ಅಂತಲ್ಲ, ಅವಮಾನ ಪಡುವಂಥದ್ದೇನೂ ಇರಲಿಲ್ಲ.

ಇನ್ನೊಂದು ಪಾಲು ರೋಗಿಗಳದ್ದೇ. ವಾಸನೆ ಹೋದವರು ವೈದ್ಯರ ಬಳಿ ‘ವಾಸನೆ ಹೋಗಿದೆ’ ಎಂದು ಹೇಳುವುದೇ ಕಡಿಮೆ. ‘ಬಾಯಿ ಕೆಟ್ಟಿದೆ’, ‘ಊಟ ಸೇರೋದಿಲ್ಲ’, ‘ಸಾರು ಮಣ್ಣು ತಿಂದ ಹಾಗಿದೆ’ ಎನ್ನುತ್ತಾರೆ. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಜಪಾನಿನ ಕಿಕುನೇ ಇಕೆಡ 1908ರಲ್ಲಿ ಗುರುತಿಸಿದ ಉಮಾಮಿ. ಮಿಕ್ಕ ಸ್ವಾದವೆಲ್ಲ ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ಗಾಳಿಯದ್ದು. ಮೂಗು ಬಿಗಿಹಿಡಿದು ಒಂದು ಚಮಚ ಪಾಯಸ ಬಾಯಿಗೆ ಹಾಕಿಕೊಂಡರೆ ಬರೀ ಸಿಹಿ. ಕೈಬಿಟ್ಟ ಮರುಕ್ಷಣ ಏಲಕ್ಕಿ ಬಂದು ಹಾಜರಾಗುತ್ತದೆ. ರೋಗಿ ‘ರುಚಿ ಇಲ್ಲ’ ಎಂದಾಗ ವೈದ್ಯರು ನಾಲಿಗೆ ನೋಡಿ ಬಿ ಕಾಂಪ್ಲೆಕ್ಸ್ ಬರೆದುಕೊಟ್ಟರೆ, ಪಾಪ, ತಪ್ಪು ಮಾಡದ ನರಕ್ಕೆ ಮದ್ದು ಹೋದಂತೆ.

ಇಲ್ಲಿ ಇನ್ನೊಂದು ಮೋಸವೂ ಇದೆ. ವಾಸನೆ ಪೂರ್ತಿ ಹೋದವರಿಗೂ ಅಮೃತಾಂಜನ ಹಚ್ಚಿಕೊಂಡರೆ ‘ಗಮ್’ ಎನ್ನುತ್ತದೆ, ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ, ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಸೀನೂ ಬರುತ್ತದೆ. ಅದು ಒಂದನೆಯ ನರದ್ದಲ್ಲ, ಐದನೆಯದರ ಕೆಲಸ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಯಾವ ಗ್ರಾಹಕದ ಮೇಲೆ ಕೂರುತ್ತದೆ ಎಂದು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಸಂದಿತು. ಸುಡುವ ಬಿಸಿಗೂ ಖಾರಕ್ಕೂ ಅದೇ ಗ್ರಾಹಕ. ಹಾಗಾಗಿ ಅಮೋನಿಯಾ, ಪಚ್ಚಕರ್ಪೂರದಂಥ ಘಾಟು ವಸ್ತು ಹಿಡಿದು ವಾಸನೆ ಪರೀಕ್ಷಿಸಿದರೆ ಉತ್ತರ ಸುಳ್ಳಾಗುತ್ತದೆ. ಅನುಭವಿ ವೈದ್ಯರು ಇದನ್ನೇ ತಿರುಗಿಸಿ ಬಳಸುವುದೂ ಉಂಟು. ಪರಿಹಾರದ ಆಸೆಗೆ ವಾಸನೆಯೇ ಇಲ್ಲ ಎಂದು ನಟಿಸುವವನು ಅಮೋನಿಯಾ ಹಿಡಿದಾಗಲೂ ‘ಏನೂ ಗೊತ್ತಾಗ್ತಿಲ್ಲ ಸಾರ್’ ಎಂದರೆ ಬಣ್ಣ ಬಯಲಾಯಿತು.

ಮೂಗನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದೇ ವರ್ಷ ಮೂರು ಉದಾಹರಣೆ ಕೊಟ್ಟಿದೆ. ಅದು 1937.

ಆ ವರ್ಷ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬಲ್ಲಿ ಶಾಲೆಯೊಂದು ಸ್ಫೋಟಗೊಂಡು ಮಕ್ಕಳು, ಶಿಕ್ಷಕರು ಸೇರಿ ಸುಮಾರು 300 ಮಂದಿ ಸತ್ತರು. ಕಟ್ಟಡದ ಅಡಿಯಲ್ಲಿ ನೈಸರ್ಗಿಕ ಅನಿಲ ಸೋರಿ ತುಂಬಿಕೊಂಡಿತ್ತು. ಅದಕ್ಕೆ ವಾಸನೆಯೇ ಇರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಕೆಲವೇ ವಾರಗಳಲ್ಲಿ ಅನಿಲಕ್ಕೆ ದುರ್ವಾಸನೆ ಬೆರೆಸುವುದು ಟೆಕ್ಸಸ್‌ನಲ್ಲಿ ಕಡ್ಡಾಯವಾಯಿತು, ಪದ್ಧತಿ ಬೇರೆಡೆಗೂ ಹಬ್ಬಿತು. ನಮ್ಮ ಅಡುಗೆ ಸಿಲಿಂಡರಿನ ವಾಸನೆಯೂ ಹೀಗೆ ಬೆರೆಸಿದ್ದೇ, ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು. ಅಂದರೆ ಮನೆಮನೆಯ ಸುರಕ್ಷತೆಯನ್ನು ಸರ್ಕಾರಗಳು ಮನುಷ್ಯನ ಒಂದನೆಯ ಕಪಾಲ ನರಕ್ಕೆ ವಹಿಸಿವೆ. ಆ ನರ ಕೆಲಸ ಮಾಡುತ್ತಿದೆಯೇ ಎಂದು ಮಾತ್ರ ಯಾರೂ ನೋಡುವುದಿಲ್ಲ.

ಅದೇ ವರ್ಷ ಕೆನಡದ ಟೊರಾಂಟೊದಲ್ಲಿ ಪೋಲಿಯೊ ಹರಡಿತು. ಕೋತಿಗಳ ಮೇಲಿನ ಪ್ರಯೋಗಗಳನ್ನು ನಂಬಿ, ವೈರಸ್ ಮೂಗಿನ ನರದ ಮೂಲಕವೇ ಮಿದುಳಿಗೆ ನುಗ್ಗುತ್ತದೆ ಎಂದು ಆಗಿನ ತಜ್ಞರು ತಿಳಿದಿದ್ದರು. ದಾರಿಯನ್ನೇ ಮುಚ್ಚಿಬಿಟ್ಟರೆ ಆಯಿತಲ್ಲ ಎಂದು ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ದ್ರಾವಣ ಸಿಂಪಡಿಸಿದರು. ಪೋಲಿಯೊ ನಿಲ್ಲಲಿಲ್ಲ, ಅದು ಹರಡುವುದು ಬಾಯಿ ಮತ್ತು ಕರುಳಿನ ಮೂಲಕ. ಅನೇಕ ಮಕ್ಕಳ ವಾಸನೆಯ ಶಕ್ತಿ ಮಾತ್ರ ಕುಂದಿತು. ಪಾಠ ಕಲಿತರೇ? 2009ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಸತು ಬೆರೆಸಿದ ಜೈಕಾಮ್ ಎಂಬ ನೆಗಡಿ ಜೆಲ್ಲನ್ನು ಮೂಗಿಗೆ ಹಾಕಿಕೊಳ್ಳಬೇಡಿ ಎಂದು ಎಚ್ಚರಿಸಬೇಕಾಯಿತು. ವಾಸನೆ ಹೋಯಿತು ಎಂಬ 130ಕ್ಕೂ ಹೆಚ್ಚು ದೂರುಗಳು ಅದಕ್ಕೆ ಬಂದಿದ್ದವು.

ಮೂರನೆಯದು ಸಂಗೀತಗಾರ ಜಾರ್ಜ್ ಗರ್ಶ್ವಿನ್ ಅವರ ಕತೆ. 1937ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್‌ನ ಕಛೇರಿಯಲ್ಲಿ ಪಿಯಾನೊ ನುಡಿಸುತ್ತಿದ್ದಾಗ ಅವರಿಗೆ ಕ್ಷಣಕಾಲ ಮಂಕು ಕವಿಯಿತು, ರಬ್ಬರ್ ಸುಟ್ಟ ವಾಸನೆ ಬಂತು. ಸುತ್ತ ಎಲ್ಲೂ ರಬ್ಬರ್ ಸುಟ್ಟಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅದೇ ವಾಸನೆ, ತಲೆಸುತ್ತು, ತಲೆನೋವು ಮರುಕಳಿಸಿದವು. ವೈದ್ಯರು ಹಿಸ್ಟೀರಿಯಾ ಇರಬೇಕು ಎಂದರು. ಜುಲೈಯಲ್ಲಿ ಪ್ರಜ್ಞೆ ತಪ್ಪಿದಾಗ ತಲೆ ತೆರೆದು ನೋಡಿದರೆ ಟೆಂಪೊರಲ್ ಲೋಬಿನಲ್ಲಿ ಗಡ್ಡೆ. 11ರಂದು ತೀರಿಕೊಂಡರು, ವಯಸ್ಸು 38. ಇಲ್ಲದ ವಾಸನೆ ಬರುವುದು ಮಿದುಳಿನ ಆ ಭಾಗದ ಮೂರ್ಛೆಯ ಸೂಚನೆ ಆಗಿರಬಹುದು ಎಂದು ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಹತ್ತೊಂಬತ್ತನೆಯ ಶತಮಾನದಲ್ಲೇ ಬರೆದಿದ್ದರು. ಆಗಿನ ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯುತ್ತಿತ್ತು ಎಂದು ಹೇಳಲಾಗದು. ಆದರೂ ಮೂಗಿನ ಮಾತಿಗೆ ಕಿವಿಗೊಟ್ಟಿದ್ದರೆ ಗಡ್ಡೆಯ ಗುಮಾನಿಯಾದರೂ ಬೇಗ ಬರುತ್ತಿತ್ತು.

ದೂರದ ಕತೆಗಳು ಸಾಕು, ನಮ್ಮ ರಸ್ತೆಗಳಿಗೆ ಬರೋಣ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಮಿದುಳು ಬುರುಡೆಯೊಳಗೆ ಅಲುಗಾಡುತ್ತದೆ. ಮೂಳೆಯ ತೂತುಗಳಲ್ಲಿ ಹಾದುಬಂದ ವಾಸನೆಯ ಎಳೆಗಳು ಆ ಎಳೆದಾಟಕ್ಕೆ ಪಟಪಟನೆ ಕಡಿದುಹೋಗಬಹುದು. ತಲೆಯ ಹಿಂಭಾಗಕ್ಕೆ ಬಿದ್ದ ಪೆಟ್ಟಿನಲ್ಲಿ ಇದು ಇನ್ನೂ ಹೆಚ್ಚು. ಮೂಳೆ ಮುರಿದಿರಬೇಕೆಂದಿಲ್ಲ, ಸ್ಕ್ಯಾನ್ ‘ನಾರ್ಮಲ್’ ಎಂದು ಬಂದಿರಬಹುದು. ಗಾಯಾಳು ಮನೆಗೆ ಹೋಗಿ ವಾರವಾದ ಮೇಲೆ ಊಟ ರುಚಿಸುತ್ತಿಲ್ಲ ಎಂದರೆ, ಏಟು ಬಿದ್ದಿದೆಯಲ್ಲ, ಸರಿಹೋಗುತ್ತದೆ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಆಮೇಲೆ ಅಪಘಾತ ಪರಿಹಾರದ ಕೇಸು ನಡೆದಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮೂಗಿನ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಬರೆದಿಲ್ಲದ ಊನಕ್ಕೆ ಪರಿಹಾರ ಎಲ್ಲಿಂದ ಕೇಳುವುದು? ಆ ಗಾಯಾಳು ಅಡುಗೆ ಭಟ್ಟನೋ, ಹೂವಿನ ವ್ಯಾಪಾರಿಯೋ, ಕಾಫಿ ಕ್ಯೂರಿಂಗ್ ಘಟಕದಲ್ಲಿ ರುಚಿ ನೋಡುವವನೋ ಆಗಿದ್ದರೆ ಅವನ ಅನ್ನವೇ ಹೋಯಿತು.

ಕಾನೂನಿನ ಕಣ್ಣಿಗೂ ಇದು ಬಿದ್ದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಊನಗಳನ್ನು ಹೆಸರಿಸುತ್ತದೆ. ದೃಷ್ಟಿ ಇದೆ, ಶ್ರವಣ ಇದೆ, ಮಾತು ಇದೆ, ಪಾರ್ಕಿನ್ಸನ್ ಕಾಯಿಲೆಯೂ ಇದೆ. ವಾಸನೆ ಇಲ್ಲ. ಪಾರ್ಕಿನ್ಸನ್ ರೋಗಿಗಳಲ್ಲಿ ಬಹುತೇಕರಿಗೆ ಕೈ ನಡುಗುವ ವರ್ಷಗಳ ಮೊದಲೇ ವಾಸನೆ ಕುಂದಿರುತ್ತದೆ. ರೋಗದ ಬದಲಾವಣೆಗಳು ಓಲ್ಫ್ಯಾಕ್ಟರಿ ಬಲ್ಬಿನಲ್ಲಿ ಬಹಳ ಬೇಗ ಕಾಣಿಸಿಕೊಳ್ಳುತ್ತವೆ ಎಂದು ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ ವಿವರಿಸಿದರು. ಹಾಗೆಂದು ವಾಸನೆ ಹೋದವರೆಲ್ಲ ಪಾರ್ಕಿನ್ಸನ್ ಬಂತೆಂದು ಹೆದರಬೇಕಾಗಿಲ್ಲ. ನೆಗಡಿ, ಸೈನಸ್, ಮೂಗಿನೊಳಗಿನ ಪಾಲಿಪ್, ವಯಸ್ಸು ಇವೇ ಸಾಮಾನ್ಯ ಕಾರಣಗಳು, ಕೆಲವಕ್ಕೆ ಒಳ್ಳೆಯ ಚಿಕಿತ್ಸೆಯೂ ಇದೆ. ಆದರೆ ಹಿರಿಯರ ವಿಷಯದಲ್ಲಿ ಹಗುರವಾಗಿ ನೋಡುವಂತಿಲ್ಲ. ಅಮೆರಿಕದಲ್ಲಿ 57ರಿಂದ 85 ವಯಸ್ಸಿನ ಮೂರು ಸಾವಿರ ಮಂದಿಯನ್ನು ಐದು ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ವಾಸನೆ ಪೂರ್ತಿ ಹೋಗಿದ್ದವರಲ್ಲಿ ಆ ಅವಧಿಯಲ್ಲಿ ತೀರಿಕೊಂಡವರು ಶೇ 39, ಸರಿಯಿದ್ದವರಲ್ಲಿ ಶೇ 10. ವಾಸನೆ ಹೋದದ್ದೇ ಸಾವಿಗೆ ಕಾರಣ ಎಂದಲ್ಲ. ದೇಹ ಒಳಗೊಳಗೇ ಸವೆಯುತ್ತಿರುವ ಸುಳಿವನ್ನು ಮೂಗು ಮುಂಚೆ ಕೊಡುತ್ತಿರಬಹುದು.

ಅತಿ ಕ್ರೂರವಾದ ಉದಾಹರಣೆ ಮ್ಯಾನ್‌ಹೋಲ್‌ನದ್ದು. ಒಳಚರಂಡಿಯ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಅತ್ಯಲ್ಪ ಪ್ರಮಾಣದಲ್ಲಿದ್ದರೂ ಗೊತ್ತಾಗುತ್ತದೆ. ಅದು ದಶಲಕ್ಷಕ್ಕೆ ಸುಮಾರು ನೂರು ಪಾಲು ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ವಾಸನೆಯ ನರವನ್ನೇ ಮರಗಟ್ಟಿಸುತ್ತದೆ. ಇಳಿದವನಿಗೆ ನಾತ ನಿಂತಂತೆ ಅನಿಸುತ್ತದೆ, ಗಾಳಿ ಸರಿಯಾಯಿತು ಎಂದುಕೊಂಡು ಇನ್ನಷ್ಟು ಕೆಳಗೆ ಹೋಗುತ್ತಾನೆ. ಅಪಾಯದ ಗಂಟೆ ಬಾರಿಸಬೇಕಾದ ನರವನ್ನು ಅಪಾಯವೇ ಮೊದಲು ಕೊಲ್ಲುತ್ತದೆ. ಅವನನ್ನು ಎತ್ತಲು ಇಳಿದವರೂ ಒಬ್ಬರ ಹಿಂದೊಬ್ಬರು ಬೀಳುವುದಕ್ಕೆ ಇದೂ ಒಂದು ಕಾರಣ. ಮನುಷ್ಯರಿಂದ ಮಲ ತೆಗೆಸುವುದನ್ನು ನಿಷೇಧಿಸುವ 2013ರ ಕಾಯ್ದೆ ಬಂದಿದೆ, ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ‘ಇಳಿದು ನೋಡು, ವಾಸನೆ ಬಂದರೆ ಹತ್ತಿ ಬಾ’ ಎನ್ನುವ ಮೇಸ್ತ್ರಿಗೆ ಈ ಶರೀರಶಾಸ್ತ್ರವನ್ನು ಯಾರಾದರೂ ತಿಳಿಸಿದ್ದಾರೆಯೇ? ಒಬ್ಬ ಮನುಷ್ಯನನ್ನು ಅಲ್ಲಿಗೆ ಇಳಿಸುವುದೇ ತಪ್ಪು. ಮೂಗನ್ನು ನಂಬಿ ಇಳಿಸುವುದು ಕೊಲೆಗೆ ಸಮ.

ಕೋವಿಡ್ ಬಂದಾಗ ಮೂಗಿಗೆ ಒಂದಿಷ್ಟು ಕಾಲ ಮರ್ಯಾದೆ ಬಂತು. 2020ರ ಜೂನ್ 13ರಂದು ಕೇಂದ್ರ ಆರೋಗ್ಯ ಸಚಿವಾಲಯ ವಾಸನೆ, ರುಚಿ ಹೋಗುವುದನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿತು. ಬೆಳಿಗ್ಗೆ ಎದ್ದು ಊದುಬತ್ತಿ, ಕಾಫಿಪುಡಿ ಮೂಸಿ ನೋಡುವುದು ಮನೆಮನೆಯ ಪರೀಕ್ಷೆಯಾಯಿತು. ವೈರಸ್ ಮುಖ್ಯವಾಗಿ ದಾಳಿ ಮಾಡುವುದು ವಾಸನೆಯ ನರಕೋಶಗಳ ಮೇಲಲ್ಲ, ಅವುಗಳಿಗೆ ಆಸರೆಯಾಗಿ ನಿಂತ ಪಕ್ಕದ ಕೋಶಗಳ ಮೇಲೆ ಎಂದು ಆ ವರ್ಷವೇ ಗೊತ್ತಾಯಿತು. ಬಹುಪಾಲು ಮಂದಿಗೆ ವಾಸನೆ ಮರಳಲು ಅದೂ ಒಂದು ಕಾರಣ. ಸೋಂಕು ಇಳಿಯಿತು, ಮೂಗು ಮತ್ತೆ ಪಟ್ಟಿಯಿಂದ ಹೊರಗುಳಿಯಿತು. ಡಾಕ್ಟರುಗಳಿಗಿಂತ ಗೃಹಿಣಿಯರೇ ಈ ಪರೀಕ್ಷೆಯನ್ನು ಹೆಚ್ಚು ಮಾಡಿದ ಕಾಲವೊಂದಿತ್ತು ಎಂಬುದನ್ನು ವೈದ್ಯಕೀಯ ಕಾಲೇಜುಗಳು ಮರೆತದ್ದು ಸೋಜಿಗ.

ಹೊರರೋಗಿ ವಿಭಾಗದಲ್ಲಿ ಬೆಳಗಿನಿಂದ ನೂರಾರು ಜನ ಸರದಿಯಲ್ಲಿರುವಾಗ ಎಲ್ಲರ ಮೂಗನ್ನೂ ನೋಡುವುದು ಹೇಗೆ ಎಂಬ ವೈದ್ಯರ ಆಕ್ಷೇಪ ನ್ಯಾಯವಾದದ್ದೇ. ಎಲ್ಲರದ್ದೂ ಬೇಡ. ತಲೆಗೆ ಪೆಟ್ಟು ಬಿದ್ದವರು, ಅರವತ್ತು ದಾಟಿ ಮರೆವು ಅಥವಾ ನಡುಕ ಎಂದು ಬಂದವರು, ಊಟ ಸೇರದೆ ತೂಕ ಇಳಿದವರು, ಇದ್ದಕ್ಕಿದ್ದಂತೆ ಸ್ವಭಾವ ಬದಲಾದವರು ಇಷ್ಟು ಮಂದಿಗಾದರೂ ಮಾಡಬಹುದು. ಮಿದುಳಿನ ಮುಂಭಾಗದ ತಳದಲ್ಲಿ ನಿಧಾನ ಬೆಳೆಯುವ ಮೆನಿಂಜಿಯೋಮ ಎಂಬ ಗಡ್ಡೆ ಒಂದು ಬದಿಯ ವಾಸನೆಯನ್ನಷ್ಟೇ ಕಸಿದು, ವರ್ಷಗಟ್ಟಲೆ ಮನೋರೋಗದ ವೇಷದಲ್ಲಿ ತಿರುಗಾಡಬಲ್ಲದು. ಹೊಳ್ಳೆಗಳನ್ನು ಬೇರೆ ಬೇರೆಯಾಗಿ ನೋಡಬೇಕು ಎನ್ನುವುದು ಅದಕ್ಕೇ.

ಉಪಕರಣಕ್ಕೆ ವಿದೇಶದತ್ತ ನೋಡಬೇಕಾಗಿಯೂ ಇಲ್ಲ. ಪೆನ್ಸಿಲ್ವೇನಿಯಾದ ರಿಚರ್ಡ್ ಡೋಟಿ 1984ರಲ್ಲಿ ರೂಪಿಸಿದ ಪ್ರಸಿದ್ಧ ಪರೀಕ್ಷೆಯಲ್ಲಿ ಕೆರೆದು ಮೂಸುವ 40 ವಾಸನೆಗಳಿವೆ. ಅವುಗಳಲ್ಲಿ ರೂಟ್ ಬಿಯರ್, ಜಿಂಜರ್‌ಬ್ರೆಡ್, ಚೆಡಾರ್ ಚೀಸ್ ಸೇರಿವೆ. ಹಾಸನದ ಅಜ್ಜಿಯೊಬ್ಬರು ಇವನ್ನು ಗುರುತಿಸದಿದ್ದರೆ ತಪ್ಪು ಅಜ್ಜಿಯ ಮೂಗಿನದ್ದಲ್ಲ. ಇಂಗು, ಏಲಕ್ಕಿ, ಮಲ್ಲಿಗೆ, ಕಾಫಿ, ನಿಂಬೆಸಿಪ್ಪೆ, ಸೀಮೆಎಣ್ಣೆಗಳಿಂದ ಒಂದು ಪೆಟ್ಟಿಗೆ ಮಾಡಿ ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸಲು ನಿಮ್ಹಾನ್ಸ್ ಇರುವ ರಾಜ್ಯಕ್ಕೆ ಎಷ್ಟು ಹೊತ್ತು? ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಪ್ರಾಯೋಗಿಕ ಪರೀಕ್ಷೆಯಲ್ಲಿ ಮೊದಲ ನರಕ್ಕೆ ಎರಡೇ ಅಂಕ ಇಟ್ಟರೂ ವಿದ್ಯಾರ್ಥಿಗಳು ತಾವಾಗಿ ಕಲಿಯುತ್ತಾರೆ.

ಕಂಡುಹಿಡಿದು ಮಾಡುವುದೇನು, ಮದ್ದೇ ಇಲ್ಲವಲ್ಲ ಎಂಬುದು ಇನ್ನೊಂದು ಸಬೂಬು. ನರವೇ ಕೆಟ್ಟಿದ್ದರೆ ಮಾತ್ರೆ ಇಲ್ಲ ನಿಜ, ಅಭ್ಯಾಸವಿದೆ. ವಾಸನೆಯ ನರಕೋಶಗಳು ಹಳೆಯವು ಸತ್ತು ಹೊಸವು ಹುಟ್ಟುವ ಅಪರೂಪದ ಜಾತಿ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ 2009ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ದಿನಕ್ಕೆ ಎರಡು ಹೊತ್ತು, 12 ವಾರ ಮನಸ್ಸಿಟ್ಟು ಮೂಸಬೇಕು. ಎಲ್ಲರಿಗೂ ಫಲ ಸಿಗುವುದಿಲ್ಲ, ಒಂದಷ್ಟು ಮಂದಿಗೆ ಗಮನಾರ್ಹ ಸುಧಾರಣೆ ಕಂಡಿದೆ. ನಾಲ್ಕೂ ಸಂತೆಯಲ್ಲಿ ಸಿಗುವ ಪದಾರ್ಥಗಳು.

ವಾಸನೆ ಮರಳದವರಿಗೂ ವೈದ್ಯರು ಹೇಳಬೇಕಾದ ಮಾತುಗಳಿವೆ. ಊಟ ಸಪ್ಪೆ ಎಂದು ಉಪ್ಪಿನಕಾಯಿ, ಉಪ್ಪು ಸುರಿದುಕೊಂಡರೆ ಬಿ.ಪಿ. ಏರುತ್ತದೆ, ಬದಲಿಗೆ ಹುಳಿ, ಖಾರ, ಕರಿದದ್ದರ ಗರಿಗರಿ ಹೆಚ್ಚಿಸಿಕೊಳ್ಳಬಹುದು, ಅವನ್ನು ನೋಡಿಕೊಳ್ಳುವ ನರಗಳು ಬೇರೆ. ಹಾಲು, ಮಿಕ್ಕ ಸಾರು ಕೆಟ್ಟಿದೆಯೇ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಮೂಸಲು ಕೊಡಬೇಕು. ಒಂಟಿಯಾಗಿ ಇರುವವರು ಫ್ರಿಜ್ಜಿನ ಡಬ್ಬಿಗಳ ಮೇಲೆ ತಾರೀಕು ಬರೆದಿಡಬೇಕು. ಅಡುಗೆಮನೆಗೆ ಗ್ಯಾಸ್ ಸೋರಿಕೆಯ ಅಲಾರಂ ಬೇಕೇಬೇಕು. ಅದನ್ನು ಹೊಗೆಯ ಅಲಾರಂನಂತೆ ಸೂರಿಗೆ ಹಾಕಿಸಬಾರದು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ, ಹಾಗಾಗಿ ನೆಲದಿಂದ ಒಂದಡಿ ಎತ್ತರದೊಳಗೇ ಅದನ್ನು ಕೂರಿಸಬೇಕು.